ಆ್ಯಪ್‌ನಲ್ಲಿ ಜರ್ಮನ್ ಕಲಿತು ವಿಮಾನ ಹತ್ತುವವರಿಗೆ

ಮಂಗಳೂರು, ಉಡುಪಿ ಕಡೆಯಿಂದ ಜರ್ಮನಿಗೆ ಹೊರಟ ನರ್ಸ್‌ಗಳು, ಎಂಜಿನಿಯರ್‌ಗಳು, ಅವರ ಹಿಂದೆ ಬರುವ ಮನೆಯವರು ಎಲ್ಲರೂ ನನ್ನಲ್ಲಿ ಕೇಳುವುದು ಒಂದೇ: ಡ್ಯುಯೊಲಿಂಗೊ ಆ್ಯಪ್ ಸಾಕಾಗ್ತದಾ? ವೀಸಾ ಕಾಯುತ್ತಾ ಊರಲ್ಲಿ ಕೂತಿರುವಾಗ ಧಾರಾಳ ಸಾಕು. ಇಲ್ಲಿ ಇಳಿದ ಮೇಲೆ ಸಾಲದು.

ಆ್ಯಪ್ ಬೇಡ ಎನ್ನುವವ ನಾನಲ್ಲ. ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕಿಗೆ ಬಸ್ಸಿನಲ್ಲಿ ಹೋಗುವ ಹೊತ್ತಿಗೆ ಹತ್ತಿಪ್ಪತ್ತು ಶಬ್ದ ತಲೆಗೆ ಹೋದರೆ ಲಾಭವೇ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯವನೇ ಆದ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿಟ್ಟಿದ್ದಾನೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಕೆಲಸವನ್ನು ಆ್ಯಪ್‌ಗಳು ಚೆನ್ನಾಗಿಯೇ ಮಾಡುತ್ತವೆ. ಅದಕ್ಕೆ ನನ್ನ ಆಯ್ಕೆ ಆಂಕಿ ಎಂಬ ಆ್ಯಪ್: ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ನೋಡಲು ಚಂದ ಇಲ್ಲ, ಆದರೆ ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಕಾರ್ಡ್‌ಗಳನ್ನು ನಾವೇ ಮಾಡಿಕೊಳ್ಳಬಹುದು. ಪ್ರತಿ ನಾಮಪದವನ್ನೂ ಅದರ ಲಿಂಗ ತೋರಿಸುವ ಡೇರ್, ಡೀ, ಡಾಸ್ ಸೇರಿಸಿಯೇ ಬರೆಯಿರಿ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ! ನಮ್ಮ ಕನ್ನಡದ ಬುದ್ಧಿಗೆ ಇದು ಹತ್ತುವುದಿಲ್ಲ, ಬಾಯಿಪಾಠವೇ ಗತಿ. ಡ್ಯುಯೊಲಿಂಗೊ ತಪ್ಪಿದ್ದನ್ನು ಕೆಂಪಾಗಿ ತೋರಿಸುತ್ತದೆ, ಯಾಕೆ ತಪ್ಪು ಎಂದು ಬಿಡಿಸಿ ಹೇಳುವುದು ಕಡಿಮೆ. ಹಾಗಾಗಿ ಪಕ್ಕದಲ್ಲಿ ಒಂದು ವ್ಯಾಕರಣ ಪುಸ್ತಕ ಇರಲಿ.

ನಿಜವಾದ ಪರೀಕ್ಷೆ ಬರುವುದು ಫೋನಿನಲ್ಲಿ. ಮಗುವಿಗೆ ಜ್ವರ ಬಂದಿದೆ, ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ಟೆರ್ಮೀನ್, ಅಂದರೆ ಭೇಟಿಯ ಸಮಯ, ತಗೊಳ್ಳಬೇಕು. ಆ ಕಡೆಯವರ ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ, ಆ್ಯಪ್‌ನ ಹೆಂಗಸಿನ ಹಾಗೆ ಅವರು ನಿಧಾನಕ್ಕೆ ಹೇಳುವುದೂ ಇಲ್ಲ. ಮೊದಲ ಪ್ರಶ್ನೆಯೇ ಹೆಸರಿನ ಸ್ಪೆಲ್ಲಿಂಗ್. ಇಲ್ಲಿ ಜೆ ಅಂದರೆ ಯೋಟ್, ವಿ ಅಂದರೆ ಫೌ, ಇಂಗ್ಲಿಷಿನ ಐ ಇಲ್ಲಿ ಈ, ಇಂಗ್ಲಿಷಿನ ಇ ಇಲ್ಲಿ ಏ. ನೀವು ಪೂಜಾರಿ ಆದರೆ 'ಪೇ, ಓ, ಓ, ಯೋಟ್, ಆ, ಎರ್, ಉಪ್ಸಿಲೋನ್'. ಶೆಟ್ಟಿ ಆದರೆ 'ಎಸ್, ಹಾ, ಏ, ಟೇ, ಟೇ, ಉಪ್ಸಿಲೋನ್'. ಹುಟ್ಟಿದ ತಾರೀಕು, ಫೋನ್ ನಂಬರು, ಮನೆ ವಿಳಾಸ ಇವಿಷ್ಟನ್ನು ತಡವರಿಸದೆ ಹೇಳಲು ಊರಲ್ಲೇ ಅಭ್ಯಾಸ ಮಾಡಿ. ಅಂಕಿಗಳಲ್ಲಿ ಜಾಗ್ರತೆ: 21ಕ್ಕೆ ಅವರು ಒಂದು ಮತ್ತು ಇಪ್ಪತ್ತು ಎನ್ನುತ್ತಾರೆ. ಗಡಿಬಿಡಿಯಲ್ಲಿ ನೀವು 12 ಎಂದು ಬರೆದುಕೊಂಡರೆ ಟೆರ್ಮೀನ್ ಹೋಯಿತು.

ಇನ್ನು ಆಡುನುಡಿ. ಮ್ಯೂನಿಕ್ ಸುತ್ತ ಬವೇರಿಯನ್, ಸ್ಟುಟ್‌ಗಾರ್ಟ್ ಕಡೆ ಶ್ವೇಬಿಷ್. ಪಠ್ಯಪುಸ್ತಕದ ಕನ್ನಡ ಕಲಿತವ ಸೀದಾ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಇಳಿದ ಹಾಗೆ ಆಗುತ್ತದೆ. ಇದಕ್ಕೆ ಆ್ಯಪ್‌ನಲ್ಲಿ ಮದ್ದಿಲ್ಲ, ಕಿವಿಗೆ ಬೀಳುತ್ತಾ ಬೀಳುತ್ತಾ ಸರಿಹೋಗಬೇಕು. ಹಾಗೆಂದು ನಮ್ಮವರು ಹೆದರಬೇಕಾದ್ದಿಲ್ಲ ಮಾರಾಯ್ರೆ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಕೇಳಿ ಬೆಳೆದವರು ನಾವು. ಅರ್ಧ ಅರ್ಥವಾದರೂ ಮಾತು ಮುಂದುವರಿಸುವ ಧೈರ್ಯ ನಮಗೆ ಅಭ್ಯಾಸವೇ ಉಂಟು.

ನರ್ಸ್‌ಗಳಿಗೆ ಬೇರೆಯೇ ಮಾತು. ನಿಮಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ (ಭಾಷೆಯ ಮಟ್ಟ ಎ1ರಿಂದ ಶುರುವಾಗಿ ಎ2, ಬಿ1, ಬಿ2 ಎಂದು ಮೇಲೇರುತ್ತದೆ). ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯಟೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಬರೆಯುವುದನ್ನೂ ಮಾತಾಡುವುದನ್ನೂ ತಿದ್ದಲು ಟೀಚರ್ ಬೇಕೇ ಬೇಕು, ಕ್ಲಾಸಿಗೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಬೇಡ. ಸಂಗಾತಿಯಾಗಿ ಬರುವ ಹಲವರಿಗೆ ವೀಸಾಕ್ಕೇ ಎ1 ಬೇಕು (ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಇದ್ದವರ ಸಂಗಾತಿಗೆ ವಿನಾಯಿತಿ ಉಂಟು), ಅಲ್ಲಿ ಆ್ಯಪ್‌ನ ಸ್ಟ್ರೀಕ್ (ಒಂದು ದಿನವೂ ತಪ್ಪದೆ ಕಲಿತ ಲೆಕ್ಕ) ತೋರಿಸಿದರೆ ನಡೆಯುವುದಿಲ್ಲ.

ಬಂದ ಮೇಲೆ ಫೋಲ್ಕ್ಸ್‌ಹೋಖ್‌ಶೂಲ ಎಲ್ಲಿದೆ ನೋಡಿ. ಊರೂರಲ್ಲಿ ಇರುವ ವಯಸ್ಕರ ಶಿಕ್ಷಣ ಕೇಂದ್ರ ಅದು, ಸಂಜೆಯ ತರಗತಿಗಳು ಖಾಸಗಿಯವಕ್ಕಿಂತ ಅಗ್ಗ. ಹೊರಗಿನಿಂದ ಬಂದವರಿಗಾಗಿ ಇರುವ ಸರಕಾರದ ಸಾಮಾನ್ಯ ಇಂಟಿಗ್ರೇಷನ್ ಕೋರ್ಸಿನಲ್ಲಿ ಭಾಷೆಗೇ 45 ನಿಮಿಷದ 600 ಪಾಠ ಇಟ್ಟಿದ್ದಾರೆ. ಅದು ಮುಗಿದಾಗ ತಲುಪಬೇಕಾದದ್ದು ಬಿ1. ದಿನಕ್ಕೆ ಹತ್ತು ನಿಮಿಷದ ಆ್ಯಪ್ ಎಲ್ಲಿಗೆ ಮುಟ್ಟಿಸೀತು, ನೀವೇ ಲೆಕ್ಕ ಹಾಕಿ. ಮನೆಯಲ್ಲೇ ಇರುವವರಿಗೆ ಲೈಬ್ರರಿ, ಚರ್ಚುಗಳಲ್ಲಿ ನಡೆಯುವ ಶ್ಪ್ರಾಖ್‌ಕಫೆ ಒಳ್ಳೆಯದು. ಕಾಫಿ ಕುಡಿಯುತ್ತಾ ಜರ್ಮನ್ ಮಾತಾಡುವ ಕೂಟ, ಹೆಚ್ಚಾಗಿ ಪುಕ್ಕಟೆ. ಅಲ್ಲಿಗೆ ಮಾತ್ರ ಊರಿನವರು ನಾಲ್ಕು ಜನ ಒಟ್ಟಿಗೆ ಹೋಗಬೇಡಿ, ಮೂಲೆಯ ಮೇಜು ಹಿಡಿದು ತುಳುವಿನಲ್ಲಿ ಪಂಚಾತಿಕೆ ಶುರುವಾಗುತ್ತದೆ.