ಉಳಿ ಮಾರಲು ಹೋಗಿ ಉಳಿ ಹಿಡಿದೆ

ಶಿಲ್ಪಿ ಎಂದು ಹೇಳಿಕೊಂಡ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ‘ನಿಮ್ಮ ತಂದೆಯವರೂ ಇದೇ ಕೆಲಸ ಮಾಡುತ್ತಿದ್ದರಾ?’ ಇಲ್ಲ. ನಮ್ಮಪ್ಪ ರೇಷ್ಮೆ ಬೆಳೆದವರು. ನಾನು ಐಟಿಐ ಮುಗಿಸಿ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತವನು. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಟೂಲುಗಳಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ತುಂಡು ಬೆಸೆಯುವುದು, ಕೋನ ನೋಡಿ ಸಾಣೆ ಹಿಡಿಯುವುದು, ಇಷ್ಟೇ ನನ್ನ ಕಸುಬು. ದೇವಸ್ಥಾನಕ್ಕೆ ಹೋದರೆ ಮೂರ್ತಿಗೆ ಕೈಮುಗಿದು ಪ್ರಸಾದ ತಿಂದು ಬರುತ್ತಿದ್ದೆನೇ ಹೊರತು ಆ ಮೂರ್ತಿಯ ಕೈ ಎಷ್ಟು ಉದ್ದವಿದೆ ಎಂದು ನೋಡಿದವನಲ್ಲ.

ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿ ಓವರ್‌ಟೈಮ್ ನಿಂತಾಗ ಮೇಲುಸಂಪಾದನೆಗೆ ದಾರಿ ಹುಡುಕುತ್ತಿದ್ದೆ. ಹೆಗ್ಗಡದೇವನಕೋಟೆ ಕಡೆಯಿಂದ ಮೂರ್ತಿ ಕೆತ್ತುವ ಕಪ್ಪು ಕಲ್ಲಾದ ಕೃಷ್ಣಶಿಲೆಯ ದಿಮ್ಮಿಗಳನ್ನು ಲಾರಿಯಲ್ಲಿ ಸಾಗಿಸುತ್ತಿದ್ದ ಗೆಳೆಯನೊಬ್ಬ, ‘ಶಿವಾರಪಟ್ಟಣದಲ್ಲಿ ದಿನವೂ ಉಳಿ ಸವೆಸುತ್ತಾರೆ ಮಾರಾಯ, ಅಲ್ಲಿ ಹೋಗಿ ನೋಡು’ ಎಂದ. ಶಿವಾರಪಟ್ಟಣ ಇರುವುದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ. ಮೂಲತಃ ವಿಶ್ವಕರ್ಮ ಕುಟುಂಬಗಳು ತಲೆಮಾರುಗಳಿಂದ ಕಲ್ಲು ಕೆತ್ತುತ್ತಾ ಬಂದ ಊರು. ಈಗ ಬೇರೆ ಸಮುದಾಯದ ಹುಡುಗರೂ ಕಲಿತು ನಿಂತಿದ್ದಾರೆ. ನಾನು ಚೀಲದಲ್ಲಿ ಕಾರ್ಬೈಡ್ ಮೊನೆಯ ಒಂದಷ್ಟು ಉಳಿಗಳನ್ನು ಹಾಕಿಕೊಂಡು ಮಾರಾಟಕ್ಕೆ ಹೋದೆ.

ಮಾರಾಟವೇನೋ ಆಯಿತು. ಗ್ರಾನೈಟ್ ಒಡೆಯುವವರು ಕೊಂಡರು. ಕೃಷ್ಣಶಿಲೆಯಲ್ಲಿ ನಾಜೂಕು ಕೆಲಸ ಮಾಡುವವರಿಗೆ ಮಾತ್ರ ಹದ ಕೊಟ್ಟ ಉಕ್ಕಿನ ಉಳಿಯೇ ಬೇಕು. ಅವರು ತಮ್ಮ ಮೊಂಡಾದ ಉಳಿಗಳನ್ನು ಗೋಣಿಚೀಲದಲ್ಲಿ ತುಂಬಿ, ಯಾರದ್ದು ಯಾವುದು ಎಂದು ತಿಳಿಯಲಿ ಎಂದು ಬೇರೆ ಬೇರೆ ಬಣ್ಣದ ದಾರ ಕಟ್ಟಿ ನನ್ನ ಕೈಗೆ ಕೊಡತೊಡಗಿದರು. ನಾನು ಕಲ್ಲಿಗೆ ಹತ್ತಿರವಾದದ್ದು ಈ ಗೋಣಿಚೀಲದಿಂದ.

ಸವೆದ ಅಲಗನ್ನು ನೋಡಿ ಯಂತ್ರದಲ್ಲಿ ಏನು ತೊಂದರೆಯಿದೆ ಎಂದು ಹೇಳುವುದು ನನಗೆ ರೂಢಿಯಾಗಿತ್ತು. ಇಲ್ಲಿ ಯಂತ್ರದ ಜಾಗದಲ್ಲಿ ಮನುಷ್ಯನಿದ್ದ. ಹಸಿರು ದಾರದ ಉಳಿಗಳ ಎಡಮೂಲೆ ಮಾತ್ರ ಸವೆದಿರುತ್ತಿತ್ತು. ಆತ ಉಳಿಯನ್ನು ಓರೆ ಹಿಡಿಯುತ್ತಾನೆ. ಕೆಂಪು ದಾರದವುಗಳ ತಲೆ ಹೂವಿನಂತೆ ಅರಳಿ ಹೊರಚಾಚಿರುತ್ತಿತ್ತು; ಆತನಿಗೆ ಅವಸರ, ಸುತ್ತಿಗೆಯನ್ನು ಬಲವಾಗಿ ಬೀಸುತ್ತಾನೆ. ದಾರವನ್ನೇ ಕಟ್ಟದ ಒಂದು ಕಟ್ಟು ಬರುತ್ತಿತ್ತು. ಅದರ ಪ್ರತಿಯೊಂದು ಉಳಿಯೂ ಇಡೀ ಅಂಚಿಗೆ ಒಂದೇ ಸಮ ಸವೆದಿರುತ್ತಿತ್ತು, ಅದೂ ಬಹಳ ಕಡಿಮೆ. ಟೂಲ್ ರೂಮಿನಲ್ಲೂ ಅಂಥ ಸವೆತವನ್ನು ನಾನು ಅಪರೂಪಕ್ಕೆ ಕಂಡವನು. ಆ ಕೈಯನ್ನು ನೋಡಲೇಬೇಕು ಎನ್ನಿಸಿತು.

ಅದು ಒಬ್ಬ ಹಿರಿಯ ಆಚಾರ್ಯರ ಕೈ. ಊರಿನವರೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನು ಹೋದಾಗ ಕುಲುಮೆಯ ಮುಂದೆ ಕುಳಿತು ಒಂದು ಉಳಿಗೆ ಹದ ಕೊಡುತ್ತಿದ್ದರು. ಕೆಂಪಗೆ ಕಾದ ಉಳಿಯ ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಮರಳುಗಲ್ಲಿಗೆ ಒಮ್ಮೆ ಉಜ್ಜಿ ಹೊಳಪು ಬರಿಸಿದರು. ಹಿಂಭಾಗದಲ್ಲಿ ಉಳಿದಿದ್ದ ಶಾಖ ನಿಧಾನವಾಗಿ ತುದಿಯ ಕಡೆಗೆ ಹರಿಯತೊಡಗಿತು. ನೀಲಿ, ಅದರ ಮುಂದೆ ನೇರಳೆ, ಅದರ ಮುಂದೆ ಕಂದು, ಎಲ್ಲಕ್ಕಿಂತ ಮುಂದೆ ಒಣಹುಲ್ಲಿನ ಹಳದಿ. ಆ ಹಳದಿ ಅಲಗನ್ನು ಮುಟ್ಟಿದ ಕ್ಷಣಕ್ಕೆ ಉಳಿ ನೀರಿನಲ್ಲಿತ್ತು. ಆ ಬಣ್ಣಕ್ಕೆ ಸುಮಾರು 230 ಡಿಗ್ರಿ ಸೆಲ್ಸಿಯಸ್ ಎಂದು ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ನಾನು ಅದನ್ನು ಹೇಳಿದೆ. ಮೇಸ್ತ್ರಿ ನಕ್ಕು, ‘ಪಟ್ಟಿ ಇದ್ದರೂ ನೆರಳಿನಲ್ಲಿ ಕೂತೇ ನೋಡಬೇಕಪ್ಪಾ, ಬಿಸಿಲಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ’ ಎಂದರು. ಅಂದಿನಿಂದ ರಜೆಯ ದಿನವೆಲ್ಲ ಅವರ ಕೊಟ್ಟಿಗೆಯಲ್ಲಿ ಕಳೆಯಿತು. ಅವರ ಉಳಿಗಳಿಗೆ ನಾನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ, ಅವರು ನನಗೆ ಕಲಿಸಲು ಏನೂ ಕೇಳಲಿಲ್ಲ.

ಮೊದಲು ಕಲಿತದ್ದು ಕಲ್ಲನ್ನು ಪರೀಕ್ಷಿಸುವುದು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ನಾದ ಬರಬೇಕು. ಸದ್ದು ಮಂದವಾದರೆ ಒಳಗೆ ಬಿರುಕಿದೆ ಎಂದು ಅನುಮಾನಿಸಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಉಪಾಯ. ಕಲ್ಲಿಗೆ ಪೂರ್ತಿ ನೀರು ಹೊಯ್ದು ಸುಮ್ಮನೆ ಕಾಯಬೇಕು. ಮೈಯೆಲ್ಲ ಒಣಗಿದ ಮೇಲೂ ಎಳೆಯಷ್ಟು ಗೆರೆಯೊಂದು ಕಪ್ಪಗೇ ಉಳಿದರೆ ಅದೇ ಬಿರುಕು, ಏಕೆಂದರೆ ಅದು ನೀರು ಕುಡಿದಿರುತ್ತದೆ. ಈಗಲೂ ದಿಮ್ಮಿ ಕೊಳ್ಳುವ ಮುನ್ನ ಒಂದು ಕೊಡ ನೀರು ಕೇಳುತ್ತೇನೆ. ಕೊಡದ ವ್ಯಾಪಾರಿಯ ಹತ್ತಿರ ಕಲ್ಲು ಕೊಳ್ಳುವುದಿಲ್ಲ.

ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ತಾಳಮಾನ, ಅಂದರೆ ಮೂರ್ತಿಯ ಅಳತೆಯ ಲೆಕ್ಕ. ನಾನು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆದು ಬಂದವನು. ಇಲ್ಲಿ ಟೇಪು ಮೂಲೆಯಲ್ಲಿ ಬಿದ್ದಿತ್ತು. ಮೂರ್ತಿಯ ಮುಖದ ಉದ್ದವೇ ಒಂದು ತಾಳ, ಅದರಲ್ಲಿ ಹನ್ನೆರಡನೇ ಒಂದು ಪಾಲು ಒಂದು ಅಂಗುಲ. ನವತಾಳದ ಮೂರ್ತಿಗೆ 108 ಅಂಗುಲ, ವಿಷ್ಣುವಿನಂಥ ದೇವರಿಗೆ ಹೇಳಿರುವ ಉತ್ತಮ ದಶತಾಳಕ್ಕೆ ಹತ್ತು ತಾಳದ ಮೇಲೆ ನಾಲ್ಕು ಅಂಗುಲ ಸೇರಿ 124. ಮೂರ್ತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಅಳತೆಗೋಲು ಅದರೊಳಗೇ ಹುಟ್ಟುತ್ತದೆ. ಕಾಗದದ ಪಟ್ಟಿಯೊಂದನ್ನು ಮುಖದ ಉದ್ದಕ್ಕೆ ಕತ್ತರಿಸಿ, ಮಡಿಸಿ ಮಡಿಸಿ ಹನ್ನೆರಡು ಭಾಗ ಮಾಡಿಕೊಂಡರೆ ಸಾಕು. ದಿಮ್ಮಿಯ ನಾಲ್ಕೂ ಮೈಗೆ ಕಾವಿಯಲ್ಲಿ ನಡುಗೆರೆ ಎಳೆಯಬೇಕು, ಅದು ಬ್ರಹ್ಮಸೂತ್ರ. ಕೆತ್ತಿದಂತೆಲ್ಲ ಆ ಗೆರೆ ಹಾರಿಹೋಗುತ್ತದೆ. ಪ್ರತಿ ಸಲವೂ ಮತ್ತೆ ಎಳೆಯಬೇಕು. ಎಳೆಯಲು ಬೇಸರಪಡುವವರ ಮೂರ್ತಿಗಳು ಸೊಂಟದ ಹತ್ತಿರ ಶಾಸ್ತ್ರ ಹೇಳುವ ಯಾವ ಭಂಗಕ್ಕೂ, ಅಂದರೆ ಮೈ ಬಾಗಿದ ಭಂಗಿಗೂ, ಸೇರದಂತೆ ವಾಲಿರುತ್ತವೆ, ಬೇಕಾದರೆ ಗಮನಿಸಿ ನೋಡಿ.

ಪೀಠದ ಪದ್ಮದಳ, ನಾಗರಕಲ್ಲು, ಆಮೇಲೆ ಗಣಪತಿ, ಹೀಗೆ ಕ್ರಮವಾಗಿ ಕೈ ಕುದುರಿತು. ನಡುವೆ ಒಮ್ಮೆ ಬೇಲೂರಿಗೆ ಹೋದೆ. ಎಲ್ಲರೂ ಮದನಿಕೆಯರ ಕಡೆ ಕತ್ತೆತ್ತಿ ನಿಂತಿದ್ದರೆ ನಾನು ನವರಂಗದ, ಅಂದರೆ ಗುಡಿಯ ಒಳಮಂಟಪದ, ಕಂಬಗಳ ಬುಡದಲ್ಲಿ ಕುಳಿತುಬಿಟ್ಟೆ. ಕಂಬದ ಸುತ್ತ ಹರಿದ ಆ ದುಂಡು ಗೀರುಗಳು, ಹರಿತವಾದ ಏಣುಗಳು! ಇಂಥ ಹೊಯ್ಸಳ ಕಂಬಗಳನ್ನು ತಿರುಗಣಿಯಲ್ಲಿ ತಿರುಗಿಸಿ ಕಡೆದದ್ದು ಎನ್ನುತ್ತಾರೆ ವಿದ್ವಾಂಸರು. ಲೇತಿನವನಾದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕಂಬಗಳ ಬಳಪದ ಕಲ್ಲು ಮೆದು, ನಿಜ. ಆದರೂ ಅಷ್ಟು ಭಾರವನ್ನು ಅದುರದಂತೆ ತಿರುಗಿಸಿದವರು ನನ್ನ ಕಸುಬಿನವರೇ. ಕಾರ್ಖಾನೆ ಬಿಡುವ ಧೈರ್ಯ ಬಂದದ್ದು ಆ ಕಂಬಗಳನ್ನು ನೋಡಿದ ಮೇಲೆ.

ಈ ಕೆಲಸಕ್ಕೆ ಬರಬೇಕೆನ್ನುವವರು ನನ್ನ ಹಾಗೆ ಗೋಣಿಚೀಲ ಹೊರಬೇಕಿಲ್ಲ. ಕಾರ್ಕಳದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ನೆರವಿನ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಕ್ರಮವಾಗಿ ಕಲಿಸುತ್ತದೆ. ಎಲ್ಲಿಯೇ ಕಲಿಯಿರಿ, ದೂಳಿನ ಬಗ್ಗೆ ಮಾತ್ರ ಸಡಿಲ ಬಿಡಬೇಡಿ. ನಾಲ್ಕಿಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಎಬ್ಬಿಸುವ ದೂಳಿನಲ್ಲಿ ಕಣ್ಣಿಗೆ ಕಾಣದ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಏನೂ ಪ್ರಯೋಜನವಿಲ್ಲ. ಸರಿಯಾದ ಮಾಸ್ಕ್ ಕೊಳ್ಳಿ, ಬ್ಲೇಡಿನ ಮೇಲೆ ನೀರು ತೊಟ್ಟಿಕ್ಕುವಂತೆ ಮಾಡಿಕೊಳ್ಳಿ. ನಮ್ಮ ಕೊಟ್ಟಿಗೆಯಲ್ಲಿ ಈ ವಿಷಯಕ್ಕೆ ನನ್ನನ್ನು ಜಗಳಗಂಟ ಎನ್ನುತ್ತಾರೆ. ಅನ್ನಲಿ.

ಈಚೆಗೆ ಪಕ್ಕದ ಕೊಟ್ಟಿಗೆಯವರು ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರ ತಂದಿದ್ದಾರೆ. ಕಾರ್ಖಾನೆಯಿಂದ ಬಂದವನಲ್ಲವೇ ಎಂದು ನನ್ನನ್ನೇ ನಡೆಸಲು ಕರೆದರು, ನಾನು ಒಪ್ಪಲಿಲ್ಲ. ಯಂತ್ರದ ಮೇಲೆ ದ್ವೇಷವೇನಿಲ್ಲ. ಉಬ್ಬುಶಿಲ್ಪದ ಫಲಕವನ್ನು ಅದು ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಮೂರು ಅಕ್ಷದ ಯಂತ್ರದ ಮೊನೆ ಮೇಲಿನಿಂದ ಮಾತ್ರ ಇಳಿಯುತ್ತದೆ; ಕಿವಿಯ ಹಿಂದೆ, ತೋಳಿಗೂ ಸೊಂಟಕ್ಕೂ ನಡುವಿನ ಸಂದಿಗೆ ಅದು ಹೋಗಲಾರದು. ಅಲ್ಲಿ ಮುಗಿಸಿಕೊಡಲು ಮತ್ತೆ ನಮ್ಮ ಹುಡುಗರನ್ನೇ ಕರೆಯುತ್ತಾರೆ. ಕೃಷ್ಣಶಿಲೆಗೆ ಆ ಯಂತ್ರದ ಬಿಟ್‌ಗಳು ಬೇಗ ಮೊಂಡಾಗುತ್ತಿವೆ. ಸಾಣೆಗೆ ನನ್ನ ಹತ್ತಿರವೇ ಕಳುಹಿಸುತ್ತಾರೆ. ಇದಕ್ಕೆ ಮಾತ್ರ ಪೂರ್ತಿ ಕೂಲಿ ತೆಗೆದುಕೊಳ್ಳುತ್ತೇನೆ.