ಅಂಬಾಸಿಡರ್ ಬಿಡಿಭಾಗಗಳನ್ನು ಮನೆಯ ಕಾರಿನಲ್ಲಿ ಘಟ್ಟ ಇಳಿಸುವ ಬಗೆ

ಹಳೆಯ ಅಂಬಾಸಿಡರಿನ ಬಾನೆಟ್ಟನ್ನೋ ಬಂಪರನ್ನೋ ಶಿರಸಿಯಿಂದ ಕುಮಟಾಕ್ಕೆ ಮನೆಯ ಕಾರಿನಲ್ಲೇ ಒಯ್ಯುವುದಾದರೆ, ಮೊದಲು ಅಳೆಯಬೇಕಾದದ್ದು ಕಾರಿನ ಒಳಜಾಗವನ್ನಲ್ಲ, ಹಿಂಬಾಗಿಲಿನ ಚೌಕಟ್ಟನ್ನು. ಸಾಮಾನು ಸಿಕ್ಕಿಕೊಳ್ಳುವುದು ಅಲ್ಲಿಯೇ. ಹಿಂದಿನ ಸೀಟನ್ನು ಮಡಚಿ ಹಳೆಯ ಕಂಬಳಿ ಹಾಸಿರಿ. ಗೇರ್‌ಬಾಕ್ಸಿನಂತಹ ಭಾರದ ಭಾಗದ ಎಣ್ಣೆಯನ್ನು ಪೂರ್ತಿ ಬಸಿದು, ಅದನ್ನು ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ ನೆಲದ ಮೇಲಿರಿಸಿ, ಸೀಟಿನ ಕಬ್ಬಿಣದ ಕಾಲುಗಳಿಗೆ ಗಟ್ಟಿ ಪಟ್ಟಿಯಿಂದ ಬಿಗಿಯಬೇಕು, ಏಕೆಂದರೆ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಸಡಿಲವಾಗಿರುವ ಕಬ್ಬಿಣ ಚಾಲಕನತ್ತಲೇ ನುಗ್ಗುತ್ತದೆ. ಪೆಟ್ರೋಲ್ ಟ್ಯಾಂಕು ಖಾಲಿಯಾಗಿ ಕಂಡರೂ ಒಳಗೆ ಉಳಿದ ಆವಿ ಹೊತ್ತಿಕೊಳ್ಳಬಲ್ಲದು. ಅದನ್ನು ಮುಚ್ಚಿದ ಕಾರಿನಲ್ಲಿ ತರಲೇಬೇಡಿ, ಗೂಡ್ಸ್ ರಿಕ್ಷಾದ ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಕರಾವಳಿಯ ಉಪ್ಪುಗಾಳಿಗೆ ಕ್ರೋಮ್ ಲೇಪದಡಿಯ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ, ಬಂಪರಿಗೆ ಹೊರಡುವ ಮೊದಲೇ ತೆಳುವಾಗಿ ಎಣ್ಣೆ ಸವರಿ ಒಣಬಟ್ಟೆ ಸುತ್ತಿರಿ.