ಆಂಟಿ-ಇ ಸಿಕ್ಕ ಮೇಲೆ ಉಳಿದ ಪ್ರತಿಕಾಯಗಳನ್ನು ತಳ್ಳಿಹಾಕಲು ಕೋಶ ಆರಿಸುವುದು

ರೋಗಿಯ ರಕ್ತದಲ್ಲಿ ಆಂಟಿ-ಇ, ಅಂದರೆ ಕೆಂಪುಕಣದ ದೊಡ್ಡ ಇ ಆಂಟಿಜನ್ ವಿರುದ್ಧದ ಪ್ರತಿಕಾಯ, ಸಿಕ್ಕಿದೆ; ಅದರ ಜೊತೆ ಬೇರೆ ಪ್ರತಿಕಾಯ ಇಲ್ಲವೆಂದು ಖಚಿತಪಡಿಸಬೇಕು. ಮೊದಲು ಪರೀಕ್ಷಾ ಕೆಂಪುಕಣಗಳ ಸೆಟ್ ಆದ ಪ್ಯಾನೆಲ್‌ನ ಲಾಟ್ ಸಂಖ್ಯೆಯೂ ಯಾವ ಕೋಶದಲ್ಲಿ ಯಾವ ಆಂಟಿಜನ್ ಇದೆಯೆಂದು ತೋರಿಸುವ ಆಂಟಿಗ್ರಾಮ್ ಹಾಳೆಯದೂ ಒಂದೇ ಇವೆಯೇ ನೋಡಿ. ಹಳೆಯ ಹಾಳೆ ಹಿಡಿದು ಓದಿದರೆ ಮುಂದಿನದೆಲ್ಲ ತಪ್ಪು.

ಇನ್ನು ದೊಡ್ಡ ಇ ಇಲ್ಲದ ಕೋಶಗಳನ್ನಷ್ಟೇ ಆರಿಸಿ. ಅದು ಇರುವ ಕೋಶ ಹೇಗೂ ಪ್ರತಿಕ್ರಿಯಿಸುವುದರಿಂದ ಏನನ್ನೂ ತಳ್ಳಿಹಾಕಲಾಗದು. ಯಾವ ಪ್ರತಿಕಾಯವನ್ನು ತಳ್ಳಿಹಾಕಬೇಕೋ ಅದರ ಆಂಟಿಜನ್ ಕೋಶದಲ್ಲಿ ಎರಡು ಪಾಲು (ತಂದೆ, ತಾಯಿ ಇಬ್ಬರಿಂದಲೂ ಅದೇ ಜೀನ್ ಬಂದದ್ದು) ಇರಲಿ: ಉದಾಹರಣೆಗೆ ಕಿಡ್ ಗುಂಪಿನ ಆಂಟಿ-ಜೆಕೆಎಗೆ ಜೆಕೆಎ ಪಾಸಿಟಿವ್, ಜೆಕೆಬಿ ನೆಗೆಟಿವ್ ಕೋಶ. ಎರಡೂ ಪಾಸಿಟಿವ್ ಆಗಿದ್ದರೆ ಜೆಕೆಎ ಒಂದೇ ಪಾಲು. ದುರ್ಬಲ ಪ್ರತಿಕಾಯ ಅಲ್ಲಿ ಕಾಣಿಸದೇ ಹೋಗುತ್ತದೆ. ತಪ್ಪಿಸಿಕೊಂಡ ಕಿಡ್ ಪ್ರತಿಕಾಯ ರಕ್ತ ಕೊಟ್ಟು ಕೆಲವು ದಿನವಾದ ಮೇಲೆ ಕೆಂಪುಕಣಗಳನ್ನು ಒಡೆಯುತ್ತದೆ, ಆದ್ದರಿಂದ ಇಲ್ಲಿ ರಾಜಿ ಬೇಡವೇ ಬೇಡ. ಕೆಂಪುಕಣದ ಇತರ ಆಂಟಿಜನ್‌ಗಳಾದ ಡಫಿ, ಎಂ, ಎಸ್‌ಗೂ ಇದೇ ನಿಯಮ. ಕೆಲ್ ಗುಂಪಿನ ದೊಡ್ಡ ಕೆ ಮಾತ್ರ ಬೇರೆ. ಎರಡು ಪಾಲಿನ ಕೋಶ ಅಪರೂಪವಾದ್ದರಿಂದ ಒಂದು ಪಾಲಿನದನ್ನೇ ಬಳಸುತ್ತಾರೆ. ಎಷ್ಟು ಕೋಶ ಬೇಕೆಂಬುದು ನಿಮ್ಮ ಲ್ಯಾಬ್‌ನ ಎಸ್‌ಒಪಿಯಂತೆ (ಲಿಖಿತ ಕಾರ್ಯವಿಧಾನದಂತೆ).

ರೋಗಿ ಆರ್1ಆರ್1 (ಡಿ ಇದ್ದು ಚಿಕ್ಕ ಸಿ, ದೊಡ್ಡ ಇ ಎರಡೂ ಇಲ್ಲದ ಆರ್‌ಎಚ್ ಬಗೆ) ಆಗಿದ್ದರೆ ಚಿಕ್ಕ ಸಿ ವಿರುದ್ಧದ ಪ್ರತಿಕಾಯವೂ ಆಂಟಿ-ಇ ಜೊತೆ ಅಡಗಿರಬಹುದು. ಅದಕ್ಕೆ ಡಿ ನೆಗೆಟಿವ್ ಆದ ಚಿಕ್ಕ ಆರ್‌ಆರ್ ಕೋಶ ಹಾಕಿ: ಚಿಕ್ಕ ಸಿ ಎರಡು ಪಾಲು, ದೊಡ್ಡ ಇ ಇಲ್ಲ.

ಫಿಸಿನ್ ಎಂಬ ಕಿಣ್ವದಿಂದ ಉಪಚರಿಸಿದ ಕೋಶ ನೆಗೆಟಿವ್ ಬಂತೆಂದು ಡಫಿಎ, ಡಫಿಬಿ, ಎಂ, ಎನ್‌ಗಳಿಗೆ ಗೀಟು ಹಾಕಿ ತಳ್ಳಿಹಾಕಬೇಡಿ. ಆ ಆಂಟಿಜನ್‌ಗಳನ್ನು ಕಿಣ್ವವೇ ಕತ್ತರಿಸಿರುತ್ತದೆ.